ರೊಟ್ಟಿ ಗಂಟಿನಲ್ಲಿಟ್ಟ ಪತ್ರ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದ.

ಕಟಕ ರೊಟ್ಟಿ, ಶೇಂಗಾ ಹಿಂಡಿಯ ಗಂಟಿನಲ್ಲೇ ಇದನ್ನೂ ಇಟ್ಟಿದ್ದೇನೆ. ಗಾಡಿ ಗುಂತಕಲ್ ಮುಟ್ಟುವಷ್ಟರಲ್ಲಿ ನಿನಗೆ ಹಸಿವಾಗುತ್ತದೆ, ಆಗ ಸಿಗಲಿ ಅಂತ.

ನಿನ್ನೆ ರಾತ್ರಿ "ಊರ ಸಾಲಿ ನೌಕರಿ ಬಿಟ್ಟು ಮಂದಿ ಹೇಲು ನೋಡಾಕ ಕಲ್ಕತ್ತಾಕ್ಕ ಹೊಂಟಾಳ" ಅಂದೆನಲ್ಲ, ತಪ್ಪಾಯಿತು. ಹೆದರಿಕೆಗೆ ಬಾಯಿಗೆ ಬಂದದ್ದು.

ಕಲ್ಕತ್ತಾದ ಲ್ಯಾಬಿನ ಕೆಲಸದ ಬಗ್ಗೆ ನೀನು ಹೇಳಿದ್ದು ನನಗೆ ತಿಳಿದಿದೆ. ಕಾಲರಾ ಕ್ರಿಮಿಯ ಎಷ್ಟೋ ತಳಿಗಳು ನೀರಿನಲ್ಲಿ ತಮ್ಮ ಪಾಡಿಗೆ ಇರುತ್ತವೆ. ವಿಷದ ಜೀನು ಅದರ ಸ್ವಂತದ್ದಲ್ಲ, ಒಂದು ವೈರಸ್ ಹೊತ್ತು ತಂದದ್ದು. 1996ರಲ್ಲಿ ಅದು ಗೊತ್ತಾಯಿತು. ಹೊಲದ ಹಳೇ ಉತಾರ, ಹೊಸ ಉತಾರ ಪಕ್ಕದಲ್ಲಿಟ್ಟು ನಡುವೆ ಯಾರ ಹೆಸರು ತೂರಿದೆ ಅಂತ ನೋಡಿದ ಹಾಗೆ ನಿನ್ನ ಕೆಲಸ. ಕ್ರಿಮಿಯ ಜೀನುಗಳ ಈ ಉತಾರ ಮಾತ್ರ 40 ಲಕ್ಷ ಅಕ್ಷರದ್ದು. 1992ರಲ್ಲಿ ಮದ್ರಾಸಿನಲ್ಲಿ ಕಾಣಿಸಿಕೊಂಡ ತಳಿ ವಿಷ ಅದೇ ಇಟ್ಟುಕೊಂಡು ಮೇಲಿನ ಅಂಗಿಯ ಜೀನು ಬದಲಿಸಿತ್ತು ಅಂದಾಗ ಅವ್ವ ನಕ್ಕಳು. ನನಗೆ ನಗು ಬರಲಿಲ್ಲ.

ನೀನು ಸಣ್ಣವಳಿದ್ದಾಗ ಬೇನೆ ಬಿದ್ದದ್ದು, ಟ್ರ್ಯಾಕ್ಟರ್, ಸಲೈನ್, ಹರಕೆ, ಎಲ್ಲ ಅವ್ವ ನೂರು ಸಲ ಹೇಳಿದ್ದಾಳೆ. ನನ್ನ ಕಣ್ಣಿಗೆ ಕಟ್ಟಿದ್ದು ಒಂದೇ. ನಿನ್ನ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟೆ, ಮಡಿಕೆ ಹಾಗೇ ನಿಂತಿತ್ತು. ನೀನು ಅಳುತ್ತಿದ್ದೆ, ಕಣ್ಣೀರಿರಲಿಲ್ಲ. ಐದು ವರ್ಷದ ಕೂಸು. ಕೆಳಗೆ ಅಕ್ಕಿ ತೊಳೆದ ನೀರಿನಂಥದ್ದು ಹೋಗುತ್ತಲೇ ಇತ್ತು. ಮತ್ತೆ ಚಿವುಟಿದೆ. ಮತ್ತೆ ಹಾಗೇ ನಿಂತಿತು. ಬಂದವರು ಕಾಗದದಲ್ಲಿ ಬರೀ ವಾಂತಿ-ಭೇದಿ ಅಂತ ಬರೆದುಕೊಂಡು ಹೋದರು.

ನಿನಗೆ ಹೇಳದೇ ಉಳಿದದ್ದು ಇದು. ಅಗಸಿ ಹತ್ತಿರ ಗಟಾರದೊಳಗೆ ಹಾದುಹೋಗುವ ಪೈಪಿನ ಜಾಯಿಂಟ್ ಸೋರುತ್ತಿತ್ತು. ನೀರು ಬಿಟ್ಟಾಗ ಹೊರಗೆ ಚಿಮ್ಮುವ ತೂತು, ವಾಲ್ವ್ ಬಂದ್ ಮಾಡಿದಾಗ ಗಟಾರವನ್ನು ಒಳಗೆಳೆಯುತ್ತದೆ. ನೀರಗಂಟಿಗೆ ಇದು ಗೊತ್ತಿರುವುದಿಲ್ಲವೇ? ಮೇಲಿನವರಿಗೆ ಒಮ್ಮೆ ಹೇಳಿದೆ, ಯಾರೂ ಬರಲಿಲ್ಲ. ಸೈಕಲ್ ಟ್ಯೂಬ್ ಹರಿದು ಸುತ್ತಿ ತಂತಿ ಬಿಗಿದೆ. ಎರಡನೇ ಸಲ ಹೇಳಲಿಲ್ಲ. ಆ ವಾರವೂ ವಾಲ್ವ್ ತಿರುಗಿಸಿದ್ದು ನಾನೇ.

ಜೀನು ಹುಡುಕು, ಬೇಡ ಅನ್ನುವುದಿಲ್ಲ. ಆದರೆ ಮಾದರಿ ಯಾವ ಊರಿನ ಯಾವ ನಳದ್ದು ಅಂತಲೂ ಬರೆದಿಟ್ಟುಕೋ. ಆ ಲ್ಯಾಬಿನ ಕೋಟು ಹಾಕಿಕೊಂಡು ಊಟಕ್ಕೆ ಕೂಡಬೇಡ. ಉಗುರು ಕತ್ತರಿಸು. ನೀರು ಕುದಿಸಿಯೇ ಕುಡಿ. ಬರೀ ಬೆಚ್ಚಗಾದರೆ ಸಾಲದು, ಗುಳ್ಳೆ ಏಳಬೇಕು. ನಾನು ನಿನಗೆ ಇದನ್ನು ಕಲಿಸುವುದೆಂದರೆ! ಇರಲಿ, ಕುದಿಸು.

ಕಾಲರಾದ ವಿಷ ಕರುಳಿನಲ್ಲೇ ಕೆಲಸ ಮಾಡುತ್ತದೆಂದು ಮೊಲದ ಕರುಳಿನಲ್ಲಿ ತೋರಿಸಿದ ಶಂಭುನಾಥ್ ಡೇ ಅವರೂ ಅದೇ ಕಲ್ಕತ್ತಾದಲ್ಲಿ ದುಡಿದವರು, 1959ರಲ್ಲಿ ಅಂದೆಯಲ್ಲ. ಚಹಾದಂಗಡಿಯಲ್ಲಿ ಎಲ್ಲರಿಗೂ ಹೇಳಿಬಂದೆ. ಹೆಸರು ತಪ್ಪು ಹೇಳಿದೆನೋ ಏನೋ.

ಆ ಜಾಯಿಂಟ್ ಆಮೇಲೆ ಬದಲಾಯಿಸಿದರು. ಹಳೇ ತುಂಡು ಹಿತ್ತಲಲ್ಲಿದೆ. ಗುಜರಿಯವನು ಎರಡು ಸಲ ಕೇಳಿದ, ಕೊಡಲಿಲ್ಲ.

ಅವ್ವನಿಗೆ ಟ್ಯೂಬಿನ ಮಾತು ಗೊತ್ತಿಲ್ಲ, ಫೋನಿನಲ್ಲಿ ಎತ್ತಬೇಡ. ಹೌರಾ ಮುಟ್ಟಿದ ಕೂಡಲೇ ಒಂದು ಮಿಸ್ ಕಾಲ್ ಕೊಡು.

ಅಪ್ಪ