ಅವರ ಮಾತು ಮೊದಲು

ಮಾರಾಯ,

ನಿನ್ನ ಉಪ್ಪಿಟ್ಟು ಸಿದ್ಧಾಂತವನ್ನು ಇವತ್ತಿಗೂ ಒಪ್ಪುವುದಿಲ್ಲ, ಎಲ್ಲರೆದುರೇ ಹೇಳುತ್ತಿದ್ದೇನೆ. ಪತ್ರ ಅದಕ್ಕಲ್ಲ. ಒಪ್ಪದವರಿಗೆ ಮರ್ಯಾದೆ ಕೊಡುವುದೆಂದರೆ ದನಿ ತಗ್ಗಿಸುವುದು ಅಂದುಕೊಂಡಿದ್ದೆವಲ್ಲ? ಯೆಹೂದಿಗಳ ಹಳೆಯ ಧರ್ಮಚರ್ಚೆಗಳ ಗ್ರಂಥ ತಾಲ್ಮುದ್ ನಮ್ಮಿಂದ ಬಯಸುವ ಕೆಲಸ ಅದಕ್ಕಿಂತ ಕಷ್ಟದ್ದು.

ಹಿಲ್ಲೇಲ್ ಮತ್ತು ಶಮ್ಮಾಯಿ ಅಂತ ಇಬ್ಬರು ಹಳೆಯ ಯೆಹೂದಿ ಗುರುಗಳು; ಅವರ ಶಾಲೆಗಳವರು 3 ವರ್ಷ ವಾದಿಸಿದರಂತೆ. ಕೊನೆಗೆ ಆಕಾಶವಾಣಿಯಾಯಿತು: ಇದೂ ಅದೂ ಜೀವಂತ ದೇವರ ಮಾತೇ, ಆದರೆ ನಡೆಯಬೇಕಾದ್ದು ಹಿಲ್ಲೇಲ್ ಶಾಲೆಯ ಪ್ರಕಾರ. ಯಾಕೆ? ಅವರು ಸೌಮ್ಯರು, ಅವಮಾನ ನುಂಗಿಕೊಳ್ಳುವವರು, ಎದುರಾಳಿಗಳ ಮಾತನ್ನೂ ಕಲಿಸುವವರು. ಅದೂ ತಮ್ಮದಕ್ಕಿಂತ ಮೊದಲು.

ತಾಲ್ಮುದ್ ಕೊಡುವ ಪುರಾವೆ ನೋಡು. ಯೆಹೂದಿಗಳ ಸುಕ್ಕೋತ್ ಹಬ್ಬದಲ್ಲಿ ಊಟ ಚಪ್ಪರದಲ್ಲೇ ಆಗಬೇಕು. ಅಂಥ ಚಪ್ಪರದಲ್ಲಿ ಒಬ್ಬ ಕೂತಿದ್ದಾನೆ. ತಲೆ, ಮೈಯ ಬಹುಭಾಗ ಚಪ್ಪರದೊಳಗೆ, ಊಟದ ಮೇಜು ಮಾತ್ರ ಮನೆಯೊಳಗೆ. ಶಮ್ಮಾಯಿ ಕಡೆಯವರು ಸಲ್ಲದು ಅನ್ನುತ್ತಾರೆ (ಊಟದ ಹಿಂದೆ ಮನುಷ್ಯನೂ ಒಳಗೆ ಸರಿದುಬಿಟ್ಟಾನು ಅಂತ), ಹಿಲ್ಲೇಲ್ ಕಡೆಯವರು ಸಲ್ಲುತ್ತದೆ ಅನ್ನುತ್ತಾರೆ. ತಮ್ಮ ಪರವಾಗಿ ಹಳೆಯ ಪ್ರಸಂಗವೊಂದನ್ನು ಎತ್ತುವಾಗಲೂ ಹಿಲ್ಲೇಲ್‌ನವರ ಬಾಯಲ್ಲಿ ಬರುವ ಸಾಲು: "ಶಮ್ಮಾಯಿ ಶಾಲೆಯ ಹಿರಿಯರೂ ಹಿಲ್ಲೇಲ್ ಶಾಲೆಯ ಹಿರಿಯರೂ ಹೋದಾಗ..." ಅಷ್ಟೇ. ಎರಡು ಹೆಸರಿನ ಅನುಕ್ರಮ.

ಇದು ಬಾಯಿಮಾತಿನ ಸೌಜನ್ಯವಷ್ಟೇ ಅಲ್ಲ. ಗಂಡ ಸತ್ತ ಸವತಿಯರ ಮರುಮದುವೆಯ ನಿಯಮದಲ್ಲಿ, ಒಬ್ಬರಿಗೆ ಸಕ್ರಮವಾದ ಮಗು ಇನ್ನೊಬ್ಬರಿಗೆ ಅಕ್ರಮವಾಗುವಷ್ಟು ಅವರ ನಡುವೆ ಭೇದವಿತ್ತು. ಆದರೂ ಹೆಣ್ಣು ಕೊಟ್ಟು ತರುವುದನ್ನು ನಿಲ್ಲಿಸಲಿಲ್ಲ. ಈ ಸಂಬಂಧ ನಿಮ್ಮ ಲೆಕ್ಕಕ್ಕೆ ಆಗದು ಅಂತ ತಾವೇ ತಿಳಿಸಿಬಿಡುತ್ತಿದ್ದರು.

ಇಂಥ ವಾದ ಕೆಟ್ಟಾಗ ಹೇಗೆ ಕೆಡುತ್ತದೆ ಅನ್ನುವುದಕ್ಕೆ ತಾಲ್ಮುದ್‌ನಲ್ಲೇ ರಬ್ಬಿ (ಧರ್ಮಗುರು) ಯೋಹಾನಾನ್ ಇದ್ದಾರೆ. ಜೊತೆಯಲ್ಲಿ ಕೂತು ಓದುವ ಗೆಳೆಯ ರೇಶ್ ಲಾಕಿಶ್, ಹಿಂದೊಮ್ಮೆ ದರೋಡೆಕೋರ. ಕತ್ತಿ, ಚೂರಿ ತಯಾರಾಯಿತು ಅನ್ನುವುದು ಯಾವಾಗ? ಕುಲುಮೆಯಲ್ಲಿ ಬೆಂದಾಗ ಅಂತ ಯೋಹಾನಾನ್, ನೀರಿನಲ್ಲಿ ಹದವಾದಾಗ ಅಂತ ರೇಶ್ ಲಾಕಿಶ್. ಯೋಹಾನಾನ್ ಅಂದುಬಿಟ್ಟರು: "ಕಳ್ಳನಿಗಲ್ಲವೇ ಕಳ್ಳತನ ಗೊತ್ತು." ತಿದ್ದಿಕೊಂಡವನಿಗೆ ಹಿಂದಿನದನ್ನು ಎತ್ತಿ ಆಡಬಾರದು ಅನ್ನುವ ನಿಯಮ ಇರುವುದೂ ಈ ಕತೆ ಬರುವ ಬಾವಾ ಮೆತ್ಸಿಯಾ ಅನ್ನುವ ತಾಲ್ಮುದ್ ಭಾಗದಲ್ಲೇ! ರೇಶ್ ಲಾಕಿಶ್ ಹಾಸಿಗೆ ಹಿಡಿದು ಸತ್ತ. ಯೋಹಾನಾನ್‌ರನ್ನು ಸಮಾಧಾನಪಡಿಸಲು ಬಂದ ಪಂಡಿತ ಎಲಾಜಾರ್ ಬೆನ್ ಪೆದಾತ್, ಅವರು ಏನೇ ಹೇಳಲಿ, "ನಿಮ್ಮ ಮಾತಿಗೆ ಆಧಾರವಿದೆ" ಅನ್ನುತ್ತಿದ್ದ. ಯೋಹಾನಾನ್ ರೇಗಿದರು: ರೇಶ್ ಲಾಕಿಶ್ ಆದರೆ 24 ಆಕ್ಷೇಪ ಎತ್ತುತ್ತಿದ್ದ, ನಾನು 24 ಉತ್ತರ ಕೊಡುತ್ತಿದ್ದೆ, ವಿಷಯ ಬೆಳೆಯುತ್ತಿತ್ತು, ನಾನು ಹೇಳಿದ್ದು ಸರಿ ಅಂತ ನನಗೇ ಗೊತ್ತಿಲ್ಲವೇ?

ಇಲ್ಲಿಗೆ ಬಂದಾಗಲೆಲ್ಲ ನನಗೆ ಉಸಿರು ಕಟ್ಟುತ್ತದೆ. ನಿನ್ನ ವಾದವನ್ನು, ಉಪ್ಪಿಟ್ಟಿನದಲ್ಲ, ಆ ಇನ್ನೊಂದರದು, ನೀನು "ಹೂಂ, ನಾನಂದಿದ್ದು ಇದೇ" ಅನ್ನುವ ಹಾಗೆ ಮೊದಲು ಬರೆದು ನೋಡೋಣ ಅಂತ ಕೂತೆ. ಎರಡನೇ ಸಾಲಿಗೇ "ಆದರೆ" ನುಗ್ಗಿತು. ಇಷ್ಟು ದಿನ ನಾನು ಉತ್ತರ ಕೊಡುತ್ತಿದ್ದದ್ದು ನಿನಗಲ್ಲ ಕಣೋ. ಈಗ ಸುತ್ತ ಇರುವವರೆಲ್ಲ ಎಲಾಜಾರರೇ. ಆರಿಸಿಕೊಂಡವನೂ ನಾನೇ.

ಸಾಕು, ಓದುವವರು ಗಾಬರಿಯಾದಾರು. 24 ಬೇಡ, ನನ್ನ ತಲೆಗೆ ಅಷ್ಟು ಹಿಡಿಸದು. ಮೂರು ಆಕ್ಷೇಪ ಕಳಿಸು. ಸ್ಟೀಲ್ ಡಬ್ಬಿ ಇನ್ನೂ ನನ್ನ ಹತ್ತಿರವೇ ಇದೆ. ಮುಚ್ಚಳ ನಿನ್ನ ಹತ್ತಿರ.

ಇಂತಿ ನಿನ್ನ,
ಮೂರನೇ ಬೆಂಚಿನವನು