ಐಟಿಐ, ಡಿಪ್ಲೊಮಾ ದಾರಿಯನ್ನೂ ತಿಳಿಸಿ

ಮಾನ್ಯರೇ,

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೂಡಲೇ ಪಿಯುಸಿ ಅರ್ಜಿಗಾಗಿ ಓಡಾಡುವ ಪೋಷಕರಲ್ಲಿ ಅನೇಕರು, ಐಟಿಐ ಎಂದರೆ ಕಡಿಮೆ ಅಂಕ ಪಡೆದವರ ಪಾಲು ಎಂದೇ ನಂಬಿರುವುದು ನೋವಿನ ಸಂಗತಿ. 2 ವರ್ಷದ ಫಿಟ್ಟರ್ ಅಥವಾ ಎಲೆಕ್ಟ್ರಿಷಿಯನ್ ತರಬೇತಿ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರಬಹುದು ಎಂಬುದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ಒಲ್ಲದ ಮನಸ್ಸಿನಿಂದ ವಿಜ್ಞಾನ ಓದಿ 2 ವರ್ಷ ಕಳೆದ ನಮ್ಮ ನೆರೆಮನೆಯ ಹುಡುಗ, ಈಗ ಐಟಿಐನಲ್ಲಿ ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ, ವರ್ನಿಯರ್ ಮಾಪಕ ಹಿಡಿದು ಅಳತೆಗೆ ತರುವಾಗ ಊಟದ ಗಂಟೆಯನ್ನೂ ಮರೆಯುತ್ತಾನೆ. ಹತ್ತನೇ ತರಗತಿ ಮುಗಿಯುವ ಮೊದಲೇ ಶಿಕ್ಷಣ ಇಲಾಖೆಯು ಮಕ್ಕಳನ್ನೂ ಪೋಷಕರನ್ನೂ ಹತ್ತಿರದ ಸರ್ಕಾರಿ ಐಟಿಐ, ಪಾಲಿಟೆಕ್ನಿಕ್‌ಗಳ ಕಾರ್ಯಾಗಾರಕ್ಕೆ ಒಂದು ದಿನ ಕರೆದೊಯ್ಯುವ ವ್ಯವಸ್ಥೆ ಮಾಡಬೇಕು.

– ನಿವೃತ್ತ ಶಿಕ್ಷಕ, ತಿಪಟೂರು