ಪ್ರಭಾರಿಗಳ ಕೈಯಲ್ಲಿ ಕಾನೂನು ಕಾಲೇಜು

ಮಾನ್ಯರೇ,

ನನ್ನ ಮಗಳು ಓದುವ ಕಾನೂನು ಕಾಲೇಜಿನಲ್ಲಿ ಪ್ರಾಂಶುಪಾಲರ ಕೊಠಡಿಯ ಫಲಕಕ್ಕೆ ಬಿಳಿ ಕಾಗದ ಅಂಟಿಸಿದ್ದಾರೆ. ಎರಡು ವರ್ಷದಲ್ಲಿ ಇದು ಮೂರನೇ ಕಾಗದ. ಮೂರರಲ್ಲೂ ಹೆಸರಿನ ಪಕ್ಕ ‘ಪ್ರಭಾರ’ ಎಂದೇ ಇದೆ. ಆ ಮೇಷ್ಟ್ರುಗಳನ್ನು ದೂರಿ ಫಲವಿಲ್ಲ ಬಿಡಿ. ಬೆಳಿಗ್ಗೆ ಸಂವಿಧಾನದ ಪಾಠ, ಮಧ್ಯಾಹ್ನ ಸಂಬಳದ ಬಿಲ್ಲು, ಸಂಜೆ ಪರೀಕ್ಷೆಯ ಕೆಲಸ ಎಂದರೆ ಯಾರಾದರೂ ಸಹಿ ಹಾಕಿ ಕೈತೊಳೆದುಕೊಳ್ಳುತ್ತಾರೆ.

ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ವಿದ್ಯಾರ್ಥಿಗಳೇ ವಕೀಲರಂತೆ ವಾದ ಮಂಡಿಸುವ ಅಣಕು ನ್ಯಾಯಾಲಯ ಕಡ್ಡಾಯ, ಅದಕ್ಕೆ 30 ಅಂಕ. ಮಗಳ ತರಗತಿಯಲ್ಲಿ ಅದು ಸೆಮಿಸ್ಟರಿನ ಕೊನೆಯ ವಾರದಲ್ಲಿ, ಒಂದೇ ಮಧ್ಯಾಹ್ನ ಮುಗಿಯಿತು. ಬರೆದು ತಂದದ್ದನ್ನು ಎಲ್ಲರೂ ಸಾಲಾಗಿ ನಿಂತು ಓದಿದರಂತೆ. ನ್ಯಾಯಾಧೀಶರ ಕುರ್ಚಿಯಲ್ಲಿ ಕೂರಬೇಕಿದ್ದ ಹಿರಿಯ ವಕೀಲರಿಗೆ ಆಹ್ವಾನವೇ ಹೋಗಿರಲಿಲ್ಲ. ಸಂಯೋಜಕರು ಯಾರು ಎಂದರೆ ಕಚೇರಿಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯನ್ನು ಕಟ್ಟಿದ ಎನ್.ಆರ್. ಮಾಧವ ಮೆನನ್ 12 ವರ್ಷ ಅದರ ನಿರ್ದೇಶಕರಾಗಿದ್ದರು. ಎಲ್ಲ ಕಾಲೇಜಿಗೂ ಮೆನನ್ ಸಿಗಲಾರರು, ಒಪ್ಪೋಣ. ಮೂರು ವರ್ಷವಾದರೂ ಕದಲದ ಒಬ್ಬ ಮುಖ್ಯಸ್ಥರು, ಪರೀಕ್ಷೆಗೊಬ್ಬರು, ಅಣಕು ನ್ಯಾಯಾಲಯ ಮತ್ತು ಇಂಟರ್ನ್‌ಶಿಪ್‌ಗೊಬ್ಬರು ಸಿಗಬಾರದೇ? ಅವರ ಹೆಸರನ್ನು ಸೂಚನಾ ಫಲಕದಲ್ಲಿ ಬರೆಯಿಸಲಿ. ಖಾಲಿ ಹುದ್ದೆಗಳ ಕಡತವನ್ನು ಉನ್ನತ ಶಿಕ್ಷಣ ಇಲಾಖೆ ಈ ಶೈಕ್ಷಣಿಕ ವರ್ಷದೊಳಗೆ ಮುಗಿಸಬೇಕು. ಮಗಳಿಗೆ ಇನ್ನು ಉಳಿದಿರುವುದು ಎರಡೇ ಸೆಮಿಸ್ಟರ್.

– ಒಬ್ಬ ಪೋಷಕ, ಧಾರವಾಡ